ನಿಲಯಪಾಲಕ (ವಿದ್ಯಾರ್ಥಿನಿಲಯ)

ನಿಲಯಪಾಲಕ ಅಥವಾ ವಾರ್ಡನ್ ಎಂದರೆ ವಿದ್ಯಾರ್ಥಿನಿಲಯದಲ್ಲಿ, ಇಲ್ಲವೇ ಅದರ ತೀರ ಸಮೀಪದಲ್ಲಿ ವಾಸವಿದ್ದು, ಅಲ್ಲಿನ ನಿವಾಸಿಗಳ ಊಟ, ವಸತಿ, ಶಿಸ್ತು, ಆರೋಗ್ಯ ಮತ್ತು ಸುರಕ್ಷತೆಯ ಹೊಣೆ ಹೊತ್ತ ವ್ಯಕ್ತಿ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದೇ ಹೊಣೆಯ ದೊಡ್ಡ ಪಾಲನ್ನು ಹಿರಿಯ ವಿದ್ಯಾರ್ಥಿಯೊಬ್ಬ ‘ರೆಸಿಡೆಂಟ್ ಅಸಿಸ್ಟೆಂಟ್’ ಎಂಬ ಹೆಸರಿನಲ್ಲಿ ನಿರ್ವಹಿಸುತ್ತಾನೆ. ಭಾರತದಲ್ಲಿ ಈ ಕೆಲಸವು ನಿಲಯಪಾಲಕ, ಸಹಾಯಕ ವಾರ್ಡನ್, ಮೆಸ್ ಕಾರ್ಯದರ್ಶಿ, ಮಹಡಿಯ ಪ್ರತಿನಿಧಿ ಮತ್ತು ರಾತ್ರಿ ಕಾವಲುಗಾರರ ನಡುವೆ ಹಂಚಿಹೋಗಿದೆ. ಈ ಲೇಖನವು ಕರ್ನಾಟಕದಲ್ಲಿ ಈ ಹುದ್ದೆಯ ಬೆಳವಣಿಗೆಯನ್ನು, ವಿಶೇಷವಾಗಿ ಬೆಂಗಳೂರಿನ ದಂಡು ಪ್ರದೇಶ ಮತ್ತು ಪೂರ್ವಭಾಗದಲ್ಲಿ (ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರ) ಅದು ಪಡೆದಿರುವ ಸ್ವರೂಪವನ್ನು ಕುರಿತದ್ದು.

ಪದ ಮತ್ತು ಹುದ್ದೆ

‘ವಾರ್ಡನ್’ ಎಂಬ ಇಂಗ್ಲಿಷ್ ಪದಕ್ಕೆ ಕಾಯುವವನು ಎಂಬುದು ಮೂಲಾರ್ಥ. ಆಕ್ಸ್‌ಫರ್ಡಿನ ಮರ್ಟನ್, ವಾಡಮ್ ಮೊದಲಾದ ಕಾಲೇಜುಗಳಲ್ಲಿ ಕಾಲೇಜಿನ ಮುಖ್ಯಸ್ಥನನ್ನೇ ವಾರ್ಡನ್ ಎಂದು ಕರೆಯುವ ವಾಡಿಕೆ ಇದೆ. ಭಾರತಕ್ಕೆ ಬಂದ ಮೇಲೆ ಆ ಪದದ ಅಂತಸ್ತು ಇಳಿದು, ಅದು ವಿದ್ಯಾರ್ಥಿನಿಲಯದ ಮೇಲ್ವಿಚಾರಕನಿಗೆ ಸೀಮಿತವಾಯಿತು. ಕನ್ನಡದಲ್ಲಿ ಇದಕ್ಕೆ ಒಂದಕ್ಕಿಂತ ಹೆಚ್ಚು ಪದಗಳಿವೆ. ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲಿ ‘ನಿಲಯ ಪಾಲಕ’ ಮತ್ತು ‘ನಿಲಯ ಮೇಲ್ವಿಚಾರಕ’ ಎಂಬ ಪದನಾಮಗಳು ಬಳಕೆಯಲ್ಲಿವೆ. ವಿಶ್ವವಿದ್ಯಾಲಯಗಳಲ್ಲಿ ‘ಕ್ಷೇಮಪಾಲಕ’ ಎಂಬ ಪದ ರೂಢಿಯಲ್ಲಿದ್ದು, ಅವರ ಮೇಲಿನವರನ್ನು ‘ಮುಖ್ಯ ಕ್ಷೇಮಪಾಲಕ’ ಎನ್ನುತ್ತಾರೆ. ಕಾಯುವುದಕ್ಕಿಂತ ಕ್ಷೇಮವನ್ನು ಮುಂದಿಡುವ ಈ ಪದ ಮೂರರಲ್ಲಿಯೂ ಹೆಚ್ಚು ಅರ್ಥಪೂರ್ಣವಾದುದು. ಆದರೂ ವಿದ್ಯಾರ್ಥಿಗಳ ಬಾಯಲ್ಲಿ ಉಳಿದಿರುವುದು ‘ವಾರ್ಡನ್ ಸರ್’ ಮತ್ತು ‘ವಾರ್ಡನ್ ಮೇಡಂ’ ಮಾತ್ರ.

ಪದನಾಮದಂತೆಯೇ ನೇಮಕದ ಬಗೆಯೂ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ನಿಲಯಗಳಲ್ಲಿ ಇದು ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ತುಂಬುವ ಪೂರ್ಣಾವಧಿ ಸರ್ಕಾರಿ ಹುದ್ದೆ. ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಅಧ್ಯಾಪಕರೊಬ್ಬರಿಗೆ ಬೋಧನೆಯ ಜೊತೆಗೆ ಹೆಚ್ಚುವರಿಯಾಗಿ ವಹಿಸುವ ಕೆಲಸ. ಕ್ರೈಸ್ತ ಸಂಸ್ಥೆಗಳ ಮಹಿಳಾ ನಿಲಯಗಳಲ್ಲಿ ಬಹುಮಟ್ಟಿಗೆ ಸನ್ಯಾಸಿನಿಯೊಬ್ಬರು ಈ ಸ್ಥಾನದಲ್ಲಿರುತ್ತಾರೆ. ಖಾಸಗಿ ಪಿ.ಜಿ.ಗಳಲ್ಲಿ ಮಾಲೀಕರು ಇಟ್ಟುಕೊಂಡ ‘ಕೇರ್‌ಟೇಕರ್’ ಅಥವಾ ‘ಮ್ಯಾನೇಜರ್’ ಇದೇ ಕೆಲಸ ಮಾಡುತ್ತಾನೆ, ಆದರೆ ಅವನಿಗೆ ಯಾವ ಶೈಕ್ಷಣಿಕ ಸಂಸ್ಥೆಯ ಅಧಿಕಾರವೂ ಇರುವುದಿಲ್ಲ.

ಇತಿಹಾಸ

ಬೆಂಗಳೂರಿನಲ್ಲಿ ವಿದ್ಯಾರ್ಥಿವಸತಿಯ ಇತಿಹಾಸವು ನಗರದಂತೆಯೇ ಎರಡು ಭಾಗವಾಗಿ ಬೆಳೆದದ್ದು. 1809ರಲ್ಲಿ ಬ್ರಿಟಿಷ್ ಸೈನ್ಯದ ದಂಡು ಹಲಸೂರಿನ ಬಳಿ ನೆಲೆಗೊಂಡ ಮೇಲೆ ಪೇಟೆ ಮತ್ತು ದಂಡು ಬೇರೆ ಬೇರೆ ಊರುಗಳಂತೆ ಬೆಳೆದವು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನ ಈ ಭಾಗ 1947ರವರೆಗೆ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಈ ಒಡಕು ವಿದ್ಯಾರ್ಥಿನಿಲಯಗಳಲ್ಲಿಯೂ ಕಾಣುತ್ತದೆ.

ಪೇಟೆಯ ಕಡೆಗೆ, ಮೈಸೂರು ಸಂಸ್ಥಾನದ ಹಳ್ಳಿಗಳಿಂದ ಓದಲು ಬಂದ ಹುಡುಗರಿಗಾಗಿ ಜಾತಿಸಂಘಗಳು ಮತ್ತು ದಾನಿಗಳು ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದರು. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘ, ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ ಮೊದಲಾದವು ಈ ಪರಂಪರೆಗೆ ಸೇರಿದವು. ಸರ್ಕಾರಿ ಉದ್ಯೋಗಗಳಲ್ಲಿ ಬ್ರಾಹ್ಮಣೇತರರ ಪ್ರಾತಿನಿಧ್ಯದ ಬಗ್ಗೆ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಕಾಲಕ್ಕೆ ಹಾಸ್ಟೆಲ್ ಎಂಬುದು ಬರಿಯ ವಸತಿಯಾಗಿ ಉಳಿಯದೆ ಸಾಮಾಜಿಕ ಚಲನೆಯ ಸಾಧನವಾಗಿತ್ತು. ಇಲ್ಲಿನ ಮೇಲ್ವಿಚಾರಕರಿಗೆ ಮನೆಯ ಹಿರಿಯನ ಸ್ಥಾನವಿತ್ತು. ಊರಿನಿಂದ ಬಂದ ಹುಡುಗನ ಊಟ, ಪರೀಕ್ಷೆ, ನಡತೆ ಎಲ್ಲಕ್ಕೂ ಅವರೇ ಉತ್ತರದಾಯಿ.

ದಂಡಿನಲ್ಲಿ ಬಂದದ್ದು ಇಂಗ್ಲಿಷ್ ಬೋರ್ಡಿಂಗ್ ಶಾಲೆಯ ಮಾದರಿ. ಸೇಂಟ್ ಜೋಸೆಫ್ ಬಾಲಕರ ಶಾಲೆ (1858), ಬಿಷಪ್ ಕಾಟನ್ (1865), ಬಾಲ್ಡ್ವಿನ್ (1880) ಮೊದಲಾದ ಶಾಲೆಗಳು ಹಿರಿಯ ವಿದ್ಯಾರ್ಥಿಗಳಿಗೆ ಕಿರಿಯರ ಮೇಲೆ ಸೀಮಿತ ಅಧಿಕಾರ ಕೊಡುವ ‘ಪ್ರಿಫೆಕ್ಟ್’ ಪದ್ಧತಿಯನ್ನು ಪರಿಚಯಿಸಿದವು. ಇಂದು ‘ಫ್ಲೋರ್ ಲೀಡರ್’ ಎಂದು ಕರೆಯುವ ವಿದ್ಯಾರ್ಥಿ ಪ್ರತಿನಿಧಿಯ ಪೂರ್ವಜನನ್ನು ಇಲ್ಲಿ ಹುಡುಕಬಹುದು. ಉನ್ನತ ಶಿಕ್ಷಣದಲ್ಲಿ, ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು 1910ರಿಂದ ವಸತಿಸಹಿತ ಸಂಸ್ಥೆಯಾಗಿ ನಡೆದುಬಂದಿದೆ. 1948ರಲ್ಲಿ ಕಾರ್ಮೆಲ್ ಸಭೆಯ ಸನ್ಯಾಸಿನಿಯರು ಆರಂಭಿಸಿದ ವಸಂತನಗರದ ಮೌಂಟ್ ಕಾರ್ಮೆಲ್ ಕಾಲೇಜು ಹೊರಊರಿನ ವಿದ್ಯಾರ್ಥಿನಿಯರಿಗೆ ನಿಲಯವನ್ನು ಒದಗಿಸಿದ ಸಂಸ್ಥೆಗಳಲ್ಲಿ ಒಂದು.

ಸ್ವಾತಂತ್ರ್ಯಾನಂತರ ಈ ಎರಡು ಪರಂಪರೆಗಳ ಮೇಲೆ ಮೂರನೆಯದು ಸೇರಿತು. ದೇವರಾಜ ಅರಸು ಅವರ ಆಡಳಿತಾವಧಿಯಲ್ಲಿ (1972–1980) ಹಾವನೂರು ಆಯೋಗದ ಹಿನ್ನೆಲೆಯಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ವಿಸ್ತರಿಸಿದವು. ಸರ್ಕಾರಿ ನಿಲಯಗಳನ್ನು ‘ಮೆಟ್ರಿಕ್ ಪೂರ್ವ’ ಮತ್ತು ‘ಮೆಟ್ರಿಕ್ ನಂತರದ’ ಎಂದು ವಿಂಗಡಿಸುವ ಕ್ರಮ ಇಂದಿಗೂ ಇದೆ. ನಿಲಯದಲ್ಲಿ ಪ್ರವೇಶ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಊಟ ಮತ್ತು ವಸತಿ ಸಹಾಯ ನೀಡುವ ‘ವಿದ್ಯಾಸಿರಿ’ ಯೋಜನೆ 2013–14ರಲ್ಲಿ ಆರಂಭವಾಯಿತು. ಬೆಂಗಳೂರಿನ ಬಾಡಿಗೆಗೆ ಈ ಮೊತ್ತ ಯಾವ ಲೆಕ್ಕಕ್ಕೂ ಸಾಲದು. ಆದ್ದರಿಂದ ನಗರದಲ್ಲಿ ಸರ್ಕಾರಿ ನಿಲಯದ ಒಂದು ಸ್ಥಾನಕ್ಕೆ ಇರುವ ಬೆಲೆ ನಗದಿನಲ್ಲಿ ಅಳೆಯುವಂಥದ್ದಲ್ಲ, ಮತ್ತು ಆ ಸ್ಥಾನ ಯಾರಿಗೆ ಸಿಕ್ಕಿತು ಎಂಬ ದೂರುಗಳನ್ನು ಮೊದಲು ಕೇಳಬೇಕಾದವನು ನಿಲಯಪಾಲಕ.

ಪೂರ್ವ ಬೆಂಗಳೂರಿನ ವಿಶೇಷತೆ

ನಗರದ ಪೂರ್ವಭಾಗದಲ್ಲಿ ವಿದ್ಯಾರ್ಥಿಗಳನ್ನು ಒಂದೇ ಆವರಣದಲ್ಲಿ ವಾಸಕ್ಕಿರಿಸಿಕೊಳ್ಳುವ ಹಳೆಯ ಸರ್ಕಾರಿ ವಿಶ್ವವಿದ್ಯಾಲಯ ಯಾವುದೂ ಇಲ್ಲ. ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯ ಪಶ್ಚಿಮದಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆ ವಾಯವ್ಯದಲ್ಲಿದೆ. ಪೂರ್ವದಲ್ಲಿರುವುದು ಸಂಯೋಜಿತ ಕಾಲೇಜುಗಳು ಮತ್ತು ಖಾಸಗಿ ವಿಶ್ವವಿದ್ಯಾಲಯಗಳು. ಹಳೆಯ ಮದ್ರಾಸು ರಸ್ತೆಯುದ್ದಕ್ಕೂ ಕೃಷ್ಣರಾಜಪುರ, ಭಟ್ಟರಹಳ್ಳಿ, ಅವಲಹಳ್ಳಿಗಳವರೆಗೆ ಇಂಜಿನಿಯರಿಂಗ್, ನರ್ಸಿಂಗ್, ಮ್ಯಾನೇಜ್‌ಮೆಂಟ್ ಕಾಲೇಜುಗಳು ಹರಡಿವೆ. ಸಂಯೋಜನೆಯ ಪದ್ಧತಿಯಲ್ಲಿ ವಿಶ್ವವಿದ್ಯಾಲಯವು ಪರೀಕ್ಷೆ ನಡೆಸುತ್ತದೆ, ಪದವಿ ಕೊಡುತ್ತದೆ; ವಿದ್ಯಾರ್ಥಿ ಎಲ್ಲಿ ಮಲಗುತ್ತಾನೆ ಎಂಬುದು ಕಾಲೇಜಿನ ಪ್ರಶ್ನೆ. ಕಾಲೇಜು ಕೈಚೆಲ್ಲಿದರೆ ಅದು ವಿದ್ಯಾರ್ಥಿಯದೇ ಪ್ರಶ್ನೆ. ಹೀಗಾಗಿ ಇಲ್ಲಿನ ವಸತಿಯ ದೊಡ್ಡ ಪಾಲನ್ನು ಪಿ.ಜಿ.ಗಳು ವಹಿಸಿಕೊಂಡಿವೆ.

ಪಿ.ಜಿ. ಎಂಬುದು ‘ಪೇಯಿಂಗ್ ಗೆಸ್ಟ್’ ಎಂಬುದರ ಸಂಕ್ಷೇಪ. ಮೊದಲು ಇಂದಿರಾನಗರ, ಹಲಸೂರು, ಫ್ರೇಜರ್ ಟೌನ್‌ಗಳ ಮನೆಗಳಲ್ಲಿ ಮಾಲೀಕರು ತಮ್ಮ ಮನೆಯದೇ ಒಂದು ಕೋಣೆಯನ್ನು ಅತಿಥಿಗೆ ಕೊಡುತ್ತಿದ್ದರು, ಆದ್ದರಿಂದ ಆ ಹೆಸರು. ಮಾಹಿತಿ ತಂತ್ರಜ್ಞಾನದ ಉದ್ಯೋಗಗಳು ಹೆಚ್ಚಿದಂತೆ ನಾಲ್ಕೈದು ಅಂತಸ್ತಿನ ಕಟ್ಟಡಗಳೇ ಪಿ.ಜಿ.ಗಳಾದವು, ಹೆಸರು ಮಾತ್ರ ಹಾಗೆಯೇ ಉಳಿಯಿತು. ಒಂದೇ ಕೋಣೆಯಲ್ಲಿ ಪ್ರಥಮ ವರ್ಷದ ವಿದ್ಯಾರ್ಥಿಯೂ ರಾತ್ರಿ ಪಾಳಿಯ ಉದ್ಯೋಗಿಯೂ ಇರುವುದು ಇಲ್ಲಿ ಸಾಮಾನ್ಯ. ಕಾಲೇಜಿನ ನಿಲಯಪಾಲಕನಿಗೆ ಎಲ್ಲರ ವೇಳಾಪಟ್ಟಿ ಒಂದೇ, ಪಿ.ಜಿ.ಯ ಮೇಲ್ವಿಚಾರಕನಿಗೆ ಬೀಗ ಹಾಕುವ ಸಮಯ ಎಂಬುದೇ ಇರುವುದಿಲ್ಲ. ಬೈಯಪ್ಪನಹಳ್ಳಿಯವರೆಗೆ 2011ರ ಅಕ್ಟೋಬರ್ 20ರಂದು ಬಂದ ನಮ್ಮ ಮೆಟ್ರೋದ ನೇರಳೆ ಮಾರ್ಗ 2023ರ ಅಕ್ಟೋಬರ್ 9ರಂದು ಕೃಷ್ಣರಾಜಪುರದ ಮೂಲಕ ವೈಟ್‌ಫೀಲ್ಡ್‌ವರೆಗೆ ಅಖಂಡವಾಗಿ ತೆರೆದುಕೊಂಡ ಮೇಲೆ, ದಂಡಿನ ಕಾಲೇಜಿನಲ್ಲಿ ಓದುತ್ತ ಕೃಷ್ಣರಾಜಪುರದಲ್ಲಿ ವಾಸಿಸುವುದು ಸುಲಭವಾಗಿದೆ.

ಭಾಷೆ ಇಲ್ಲಿನ ಪಾಲಕರ ಕೆಲಸದ ಬಹುಮುಖ್ಯ ಭಾಗ. ಶಿವಾಜಿನಗರದಲ್ಲಿ ತಮಿಳು ಮತ್ತು ಉರ್ದು, ಕೃಷ್ಣರಾಜಪುರದಲ್ಲಿ ತೆಲುಗು, ಕಾಲೇಜುಗಳಲ್ಲಿ ಮಲಯಾಳಂ, ಹಿಂದಿ, ಬಂಗಾಳಿ, ನೇಪಾಳಿ ಹಾಗೂ ಈಶಾನ್ಯ ರಾಜ್ಯಗಳ ಭಾಷೆಗಳು ಕೇಳುತ್ತವೆ. ಆಫ್ರಿಕಾದ ದೇಶಗಳ ವಿದ್ಯಾರ್ಥಿಗಳೂ ಪೂರ್ವ ಮತ್ತು ಈಶಾನ್ಯ ಬೆಂಗಳೂರಿನಲ್ಲಿ ಇದ್ದಾರೆ. ವಿದೇಶಿ ನಿವಾಸಿ ಬಂದರೆ ಆ ಮಾಹಿತಿಯನ್ನು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸುವ ಹೊಣೆ ವಸತಿ ನೀಡಿದವರದು. ‘ಫಾರ್ಮ್ ಸಿ’ ಎಂದೇ ಪರಿಚಿತವಾದ ಈ ಕೆಲಸ ನಿಲಯಪಾಲಕರ ಮೇಜಿಗೆ ಬರುತ್ತದೆ. ಕನ್ನಡ ಮಾತ್ರ ಬಲ್ಲ ಅಡುಗೆಯವರಿಗೂ ಕನ್ನಡ ಬಾರದ ನಿವಾಸಿಗೂ ನಡುವೆ ಸಾರಿನ ಖಾರದ ವಿಚಾರದಲ್ಲಿ ಮಧ್ಯಸ್ಥಿಕೆ ವಹಿಸುವುದು ಯಾವ ನಿಯಮಾವಳಿಯಲ್ಲೂ ಬರೆದಿರದ ಕೆಲಸ, ಆದರೆ ನಿತ್ಯದ ಕೆಲಸ.

ದಿನಚರಿ ಮತ್ತು ಹೊಣೆಗಾರಿಕೆ

ನಿಲಯಪಾಲಕನ ಕೆಲಸದಲ್ಲಿ ಕಣ್ಣಿಗೆ ಕಾಣುವುದು ಹಾಜರಿ ಮತ್ತು ಗೇಟು. ಸಂಜೆಯ ಹಾಜರಿ, ಹೊರಹೋಗುವ ಪುಸ್ತಕದಲ್ಲಿ ಸಹಿ, ಊರಿಗೆ ಹೋಗುವವರ ರಜಾಪತ್ರ, ಪೋಷಕರಿಗೆ ಕರೆ, ‘ಲೋಕಲ್ ಗಾರ್ಡಿಯನ್’ ಎಂದು ಹೆಸರು ಕೊಟ್ಟವರು ನಿಜವಾಗಿಯೂ ಪರಿಚಿತರೇ ಎಂಬ ಪರಿಶೀಲನೆ, ಇವು ದಿನದ ಕೆಲಸಗಳು. ಸರ್ಕಾರಿ ನಿಲಯಗಳಲ್ಲಿ ಹಾಜರಿಗೆ ಬಯೋಮೆಟ್ರಿಕ್ ಯಂತ್ರಗಳು ಬಂದಿವೆ. ನಿವಾಸಿಗಳ ಸಂಖ್ಯೆಯ ಮೇಲೆ ಭೋಜನ ವೆಚ್ಚ ಬಿಡುಗಡೆಯಾಗುವುದರಿಂದ ಹಾಜರಿ ಪುಸ್ತಕ ಎಂಬುದು ಇಲ್ಲಿ ಶಿಸ್ತಿನ ದಾಖಲೆಯಷ್ಟೇ ಅಲ್ಲ, ಹಣದ ದಾಖಲೆಯೂ ಹೌದು. ಲೋಕಾಯುಕ್ತರು ವಿದ್ಯಾರ್ಥಿನಿಲಯಗಳಿಗೆ ಅನಿರೀಕ್ಷಿತ ಭೇಟಿ ಕೊಟ್ಟಾಗ ಹಾಜರಿ ಪುಸ್ತಕವನ್ನೂ ಉಗ್ರಾಣದ ದಾಸ್ತಾನು ಪುಸ್ತಕವನ್ನೂ ಒಟ್ಟಿಗೆ ತೆರೆಸುವುದು ಈ ಕಾರಣಕ್ಕೆ.

ಊಟವೇ ನಿಲಯದ ಅತಿ ದೊಡ್ಡ ರಾಜಕಾರಣ. ಸರ್ಕಾರಿ ನಿಲಯಗಳಲ್ಲಿ ವಾರದ ಮೆನು ಇಲಾಖೆಯಿಂದ ನಿಗದಿಯಾಗುತ್ತದೆ, ಅದನ್ನು ಗೋಡೆಯ ಮೇಲೆ ಬರೆದಿರಬೇಕು. ಕಾಲೇಜು ನಿಲಯಗಳಲ್ಲಿ ಎರಡು ಪದ್ಧತಿಗಳಿವೆ. ಒಂದು, ಗುತ್ತಿಗೆದಾರನಿಗೆ ತಿಂಗಳಿಗೆ ಇಂತಿಷ್ಟು ಎಂದು ಕೊಡುವುದು. ಇನ್ನೊಂದು ‘ಡಿವೈಡಿಂಗ್ ಸಿಸ್ಟಂ’: ತಿಂಗಳ ಒಟ್ಟು ಖರ್ಚನ್ನು ಊಟ ಮಾಡಿದ ದಿನಗಳ ಲೆಕ್ಕದಲ್ಲಿ ನಿವಾಸಿಗಳ ನಡುವೆ ಹಂಚುವುದು. ಎರಡನೆಯದರಲ್ಲಿ ವಿದ್ಯಾರ್ಥಿಗಳೇ ಮೆಸ್ ಕಾರ್ಯದರ್ಶಿಯನ್ನು ಆರಿಸಿಕೊಳ್ಳುತ್ತಾರೆ. ಆತ ಅಡುಗೆಯವರೊಂದಿಗೆ ಮಾರುಕಟ್ಟೆಗೆ ಹೋಗುತ್ತಾನೆ, ತರಕಾರಿ ತೂಗಿಸಿಕೊಳ್ಳುತ್ತಾನೆ, ತಿಂಗಳ ಕೊನೆಗೆ ಬಿಲ್ಲನ್ನು ಸೂಚನಾ ಫಲಕಕ್ಕೆ ಅಂಟಿಸುತ್ತಾನೆ. ಬಿಲ್ಲು ಏರಿದರೆ ಬೈಗುಳ ಅವನಿಗೆ, ಇಳಿದರೆ ಸಾರು ನೀರಾಯಿತೆಂಬ ದೂರು. ಇಪ್ಪತ್ತರ ವಯಸ್ಸಿನ ಹುಡುಗನೊಬ್ಬ ಸಾರ್ವಜನಿಕ ಹಣದ ಲೆಕ್ಕ ಕೊಡುವುದನ್ನು ಕಲಿಯುವ ಅವಕಾಶ ಇಷ್ಟು ಚೆನ್ನಾಗಿ ಬೇರೆಡೆ ಸಿಗುವುದು ಕಡಿಮೆ. ಗುತ್ತಿಗೆ ಪದ್ಧತಿಯಲ್ಲಿ ಈ ಅವಕಾಶವಿಲ್ಲ.

ಅಡುಗೆಯವರು, ಅಡುಗೆ ಸಹಾಯಕರು, ಸ್ವಚ್ಛತಾ ಸಿಬ್ಬಂದಿ ಮತ್ತು ಕಾವಲುಗಾರರಲ್ಲಿ ಬಹಳ ಮಂದಿ ಹೊರಗುತ್ತಿಗೆಯವರು. ವೇತನ ತಡವಾದಾಗ, ಸೇವಾ ಭದ್ರತೆಗಾಗಿ, ಹಾಸ್ಟೆಲ್ ಹೊರಗುತ್ತಿಗೆ ನೌಕರರು ಬೆಂಗಳೂರಿನಲ್ಲಿ ಹಲವು ಬಾರಿ ಧರಣಿ ನಡೆಸಿದ್ದಾರೆ. ಅಂಥ ದಿನ ಅಡುಗೆಮನೆಯ ಒಲೆ ಹೊತ್ತಿಸುವುದು ಹೇಗೆ ಎಂಬುದು ನಿಲಯಪಾಲಕನ ಚಿಂತೆ.

ನೀರು ಪೂರ್ವಭಾಗದ ನಿಲಯಗಳ ಹಳೆಯ ಸಂಕಟ. ನಗರದ ಹೊರವಲಯಕ್ಕೆ ಕಾವೇರಿ ನೀರು ತಡವಾಗಿ ತಲುಪಿದ್ದರಿಂದ ಇಲ್ಲಿನ ಕಟ್ಟಡಗಳು ಕೊಳವೆಬಾವಿ ಮತ್ತು ಟ್ಯಾಂಕರ್‌ಗಳನ್ನು ನೆಚ್ಚಿಕೊಂಡಿದ್ದವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಈ ಭಾಗ ತೀವ್ರವಾಗಿ ಬಾಧಿತವಾಯಿತು. ಹೊಸದಾಗಿ ಸೇರಿಸಿದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ 5ನೇ ಹಂತದ ಯೋಜನೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ನೂರಾರು ಮಂದಿ ಬೆಳಗ್ಗೆ ಏಳರಿಂದ ಎಂಟರೊಳಗೆ ಸ್ನಾನ ಮುಗಿಸಬೇಕಾದ ಕಟ್ಟಡದಲ್ಲಿ ಟ್ಯಾಂಕರ್ ಒಂದು ಗಂಟೆ ತಡವಾದರೆ ಅದರ ಪರಿಣಾಮ ಮೊದಲ ತರಗತಿಯ ಹಾಜರಿಯಲ್ಲಿ ಕಾಣುತ್ತದೆ.

ಇವೆಲ್ಲಕ್ಕಿಂತ ಗುರುತರವಾದುದು ರಾತ್ರಿಯ ಹೊಣೆ. ಜ್ವರ, ಅಪಘಾತ, ವಿಷಾಹಾರ, ಜಗಳ ಮತ್ತು ಮನೋವ್ಯಥೆ ಕಚೇರಿಯ ವೇಳೆಯನ್ನು ನೋಡಿ ಬರುವುದಿಲ್ಲ. ದಂಡಿನ ಭಾಗದವರಿಗೆ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಹತ್ತಿರ. ಕೃಷ್ಣರಾಜಪುರದಿಂದ ಅಲ್ಲಿಗೆ ಬರುವಷ್ಟರಲ್ಲಿ ಸಂಚಾರ ದಟ್ಟಣೆಯ ವೇಳೆಯಲ್ಲಿ ಅಮೂಲ್ಯ ಸಮಯ ಕಳೆಯುತ್ತದೆ. 2008ರ ನವೆಂಬರ್ 1ರಂದು ಆರಂಭವಾದ 108 ಆಂಬ್ಯುಲೆನ್ಸ್ ಸೇವೆಗೆ ಮೊದಲು ನಿಲಯದ ಯಾವುದಾದರೂ ಬೈಕ್ ಅಥವಾ ಬೀದಿಯ ಆಟೋ ಈ ಕೆಲಸ ಮಾಡುತ್ತಿತ್ತು. ಮನೋವ್ಯಥೆಯ ಸಂಗತಿ ಇನ್ನೂ ಸೂಕ್ಷ್ಮ. ಊಟದ ಮನೆಗೆ ಬರುವುದನ್ನು ಬಿಟ್ಟವರು, ಹಬ್ಬಕ್ಕೂ ಊರಿಗೆ ಹೋಗದವರು, ಫಲಿತಾಂಶದ ನಂತರ ಕೋಣೆಯ ಬಾಗಿಲು ಹಾಕಿಕೊಂಡವರು ಯಾರೆಂಬುದನ್ನು ಅಧ್ಯಾಪಕರು ತಿಳಿಯುವ ಮೊದಲೇ ಪಕ್ಕದ ಕೋಣೆಯವರು ತಿಳಿಯುತ್ತಾರೆ. ಅವರು ಅದನ್ನು ಪಾಲಕರಿಗೆ ಹೇಳುವಷ್ಟು ನಂಬಿಕೆ ಇದೆಯೇ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಪಾಲಕನೆಂದರೆ ದಂಡ ವಿಧಿಸುವವನೆಂದೇ ತಿಳಿದ ನಿಲಯದಲ್ಲಿ ಯಾರೂ ಹೇಳುವುದಿಲ್ಲ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ (14416) ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ದಿನದ 24 ಗಂಟೆಯೂ ಲಭ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ನೋಡಲ್ ಕೇಂದ್ರ.

ಕಾನೂನಿನ ಚೌಕಟ್ಟು

ಕರ್ನಾಟಕ ಶಿಕ್ಷಣ ಅಧಿನಿಯಮ, 1983 ರ‍್ಯಾಗಿಂಗ್ ಎಂಬುದನ್ನು ವ್ಯಾಖ್ಯಾನಿಸಿ ಅದಕ್ಕೆ ಶಿಕ್ಷೆಯನ್ನು ಗೊತ್ತುಪಡಿಸಿದೆ. ಆದರೆ ನಿಲಯಪಾಲಕನ ಸ್ಥಾನಮಾನವನ್ನು ದೇಶದ ಮಟ್ಟದಲ್ಲಿ ಸ್ಪಷ್ಟವಾಗಿ ಬರೆದದ್ದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಾವಳಿ. ಸುಪ್ರೀಂ ಕೋರ್ಟ್ ನೇಮಿಸಿದ್ದ ಆರ್.ಕೆ. ರಾಘವನ್ ಸಮಿತಿಯ ಶಿಫಾರಸುಗಳು ಮತ್ತು 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಾಚ್ರೂ ಅವರ ಸಾವು ಇದರ ಹಿನ್ನೆಲೆಯಲ್ಲಿವೆ.

ಈ ನಿಯಮಾವಳಿಯ ಪ್ರಕಾರ ಪ್ರತಿಯೊಂದು ವಿದ್ಯಾರ್ಥಿನಿಲಯಕ್ಕೂ ಪೂರ್ಣಾವಧಿ ವಾರ್ಡನ್ ಇರಬೇಕು. ಅವರ ಅರ್ಹತೆಯಲ್ಲಿ ಶಿಸ್ತು ಕಾಪಾಡುವ ಸಾಮರ್ಥ್ಯವಿರುವಂತೆ ತರಗತಿಯ ಹೊರಗೆ ಯುವಜನರೊಂದಿಗೆ ಮಾತನಾಡುವ, ಆಪ್ತಸಮಾಲೋಚನೆ ನಡೆಸುವ ಗುಣವೂ ಇರಬೇಕು. ಅವರು ನಿಲಯದಲ್ಲಿ ಅಥವಾ ಅತಿ ಸಮೀಪದಲ್ಲಿ ವಾಸಿಸಬೇಕು, ಎಲ್ಲ ವೇಳೆಯಲ್ಲೂ ದೂರವಾಣಿಯಲ್ಲಿ ಸಿಗಬೇಕು, ಆ ಸಂಖ್ಯೆ ಎಲ್ಲರಿಗೂ ತಿಳಿದಿರಬೇಕು. ಹೊಸಬರನ್ನು ಸಾಧ್ಯವಾದಷ್ಟೂ ಪ್ರತ್ಯೇಕ ಕಟ್ಟಡದಲ್ಲಿ ಇರಿಸಬೇಕು. ಆಗದಿದ್ದರೆ ಹಿರಿಯರು ಕಿರಿಯರ ಕೋಣೆಗಳಿಗೆ ಹೋಗುವುದರ ಮೇಲೆ ನಿಗಾ ಇಡಬೇಕು. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೊಸಬರಲ್ಲಿ ಹೆಸರಿಲ್ಲದ ಸಮೀಕ್ಷೆ ನಡೆಸಬೇಕು. ನಿಯಮಗಳು ಆವರಣದ ಒಳಗೂ ಹೊರಗೂ ಅನ್ವಯಿಸುತ್ತವೆ.

ಇದೇ ನಿಯಮಾವಳಿಯಲ್ಲಿ ‘ಮಾರ್ಗದರ್ಶಕ ಕೋಶ’ದ ಪ್ರಸ್ತಾಪವಿದೆ. ಸ್ವಇಚ್ಛೆಯಿಂದ ಮುಂದೆ ಬರುವ ಹಿರಿಯ ವಿದ್ಯಾರ್ಥಿಗಳಲ್ಲಿ ಆರು ಹೊಸಬರಿಗೆ ಒಬ್ಬ ಮಾರ್ಗದರ್ಶಕ, ಅಂಥ ಆರು ಮಾರ್ಗದರ್ಶಕರಿಗೆ ಅವರಿಗಿಂತ ಹಿರಿಯನಾದ ಒಬ್ಬ ಮಾರ್ಗದರ್ಶಕ, ಹೀಗೆ ತರಗತಿಗಳಷ್ಟೇ ಮೆಟ್ಟಿಲುಗಳು. ಅಮೆರಿಕದ ರೆಸಿಡೆಂಟ್ ಅಸಿಸ್ಟೆಂಟ್ ಪದ್ಧತಿಗೆ ಭಾರತೀಯ ನಿಯಮಗಳಲ್ಲಿ ಅತಿ ಹತ್ತಿರದ್ದು ಇದೇ. ಆದರೆ ಈ ಮಾರ್ಗದರ್ಶಕನಿಗೆ ಸಂಬಳವಿಲ್ಲ, ಶುಲ್ಕ ವಿನಾಯಿತಿಯನ್ನು ನಿಯಮ ಹೇಳುವುದಿಲ್ಲ. ಕೊಡುಗೆ ಏನೂ ಇಲ್ಲದೆ ಹೊಣೆ ಮಾತ್ರ ಇರುವ ಕೆಲಸಕ್ಕೆ ಒಳ್ಳೆಯ ಹಿರಿಯರು ಸಿಕ್ಕಿದಲ್ಲಿ ಅದು ನಡೆಯುತ್ತದೆ, ಸಿಗದಲ್ಲಿ ಕಡತದಲ್ಲಿ ಉಳಿಯುತ್ತದೆ.

ವಿದ್ಯಾರ್ಥಿಗಳ ಆತ್ಮಹತ್ಯೆಗಳ ಕುರಿತು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ರಚಿಸಿತು. ಅದೇ ವರ್ಷ ಜುಲೈನಲ್ಲಿ ಮತ್ತೊಂದು ಪ್ರಕರಣದಲ್ಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕು, ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ ಎರಡು ಬಾರಿ ಮಾನಸಿಕ ಆರೋಗ್ಯದ ತರಬೇತಿ ನೀಡಬೇಕು ಎಂದು ನಿರ್ದೇಶಿಸಿತು. ನಿಲಯಪಾಲಕರಿಗೆ ಇಂಥ ತರಬೇತಿಯ ಅಗತ್ಯವನ್ನು ನ್ಯಾಯಾಲಯದ ಮಟ್ಟದಲ್ಲಿ ಗುರುತಿಸಿದ್ದು ಮಹತ್ವದ ಸಂಗತಿ.

ಪಿ.ಜಿ.ಗಳ ಮೇಲಿನ ನಿಯಂತ್ರಣ ಬಹುಕಾಲ ಸಡಿಲವಾಗಿತ್ತು. 2024ರ ಜುಲೈನಲ್ಲಿ ಕೋರಮಂಗಲದ ಮಹಿಳಾ ಪಿ.ಜಿ.ಯೊಂದರಲ್ಲಿ ನಡೆದ ಕೊಲೆಯ ಬಳಿಕ, ಅಂದಿನ ಬಿಬಿಎಂಪಿ ಆಗಸ್ಟ್‌ನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಪ್ರವೇಶ ಮತ್ತು ನಿರ್ಗಮನ ದ್ವಾರಗಳಲ್ಲಿ ಸಿಸಿಟಿವಿ, ಅದರ ದೃಶ್ಯಗಳನ್ನು 90 ದಿನ ಉಳಿಸಿಕೊಳ್ಳುವುದು, ಪ್ರತಿ ನಿವಾಸಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಅಡುಗೆಗೆ ಆಹಾರ ಸುರಕ್ಷತಾ ಪರವಾನಗಿ, 24 ಗಂಟೆಯೂ ಭದ್ರತಾ ಸಿಬ್ಬಂದಿ, ಪಾಲಿಕೆಯ 1533 ಸಹಾಯವಾಣಿಯ ಪ್ರದರ್ಶನ ಇವುಗಳಲ್ಲಿ ಮುಖ್ಯವಾದವು. ಮಾರ್ಗಸೂಚಿಯು ಕಾವಲುಗಾರನನ್ನು ಕೇಳುತ್ತದೆ, ಪಾಲಕನನ್ನು ಕೇಳುವುದಿಲ್ಲ.

ನಿಲಯವು ಮನೆಯೋ ವ್ಯಾಪಾರವೋ ಎಂಬ ಪ್ರಶ್ನೆ ತೆರಿಗೆಯ ವಿಚಾರದಲ್ಲಿಯೂ ಎದ್ದಿತ್ತು. ಹಾಸ್ಟೆಲ್‌ಗೆಂದು ಗುತ್ತಿಗೆ ಕೊಟ್ಟ ಕಟ್ಟಡವೂ ವಾಸದ ಮನೆಯೇ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಪ್ರಕರಣದಲ್ಲಿ ಹೇಳಿತು. ಪಿ.ಜಿ. ಮತ್ತು ಹಾಸ್ಟೆಲ್‌ಗಳ ಶುಲ್ಕ ಜಿಎಸ್‌ಟಿಗೆ ಒಳಪಡುತ್ತದೆಂದು ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ತೀರ್ಮಾನಿಸಿತು. ತಿಂಗಳಿಗೆ 20,000 ರೂಪಾಯಿಯವರೆಗಿನ, ಕನಿಷ್ಠ 90 ದಿನಗಳ ವಾಸ್ತವ್ಯಕ್ಕೆ ಜಿಎಸ್‌ಟಿ ಮಂಡಳಿ 2024ರ ಜೂನ್‌ನಲ್ಲಿ ವಿನಾಯಿತಿ ನೀಡಿತು.

ವಿದ್ಯಾರ್ಥಿನಿಯರ ನಿಲಯಗಳು

ಹುಡುಗರ ನಿಲಯಕ್ಕಿಂತ ಹುಡುಗಿಯರ ನಿಲಯದ ಗೇಟು ಬೇಗ ಮುಚ್ಚುವುದು ದೇಶದಾದ್ಯಂತ ಕಂಡುಬರುವ ರೂಢಿ. ಇದಕ್ಕೆ ಕೊಡುವ ಕಾರಣ ಸುರಕ್ಷತೆ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ‘ಪಿಂಜ್ರಾ ತೋಡ್’ ಚಳವಳಿ ಈ ಭೇದವನ್ನು ಸಾರ್ವಜನಿಕ ಚರ್ಚೆಗೆ ತಂದಿತು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯುವ ಯುಜಿಸಿಯ 2015ರ ನಿಯಮಾವಳಿಯು, ಸುರಕ್ಷತೆಯ ನೆಪದಲ್ಲಿ ಮಹಿಳಾ ನಿಲಯಗಳಿಗೆ ಪುರುಷರಿಗಿಲ್ಲದ ತಾರತಮ್ಯದ ನಿಯಮಗಳನ್ನು ಹೇರಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ.

ಆಚರಣೆಯಲ್ಲಿ ನಿಲಯಪಾಲಕಿ ಎರಡು ಒತ್ತಡಗಳ ನಡುವೆ ನಿಂತಿರುತ್ತಾಳೆ. ಒಂದೆಡೆ ಮಗಳನ್ನು ಬೆಂಗಳೂರಿಗೆ ಕಳಿಸಲು ಹಿಂಜರಿದು, ನಿಲಯದ ಬಿಗಿ ನಿಯಮವನ್ನು ನಂಬಿ ಕೊನೆಗೆ ಒಪ್ಪಿದ ತಂದೆತಾಯಿ. ಇನ್ನೊಂದೆಡೆ ಮತದಾನದ ವಯಸ್ಸಿನ ವಯಸ್ಕ ವಿದ್ಯಾರ್ಥಿನಿ. ನಿಯಮ ಸಡಿಲಿಸಿದರೆ ಕೆಲವು ಹುಡುಗಿಯರ ಓದೇ ನಿಂತುಹೋಗಬಹುದೆಂಬ ವಾದವನ್ನು ಸುಳ್ಳೆನ್ನಲಾಗದು. ಆದರೆ ಸಂಜೆಯ ಗ್ರಂಥಾಲಯ, ಪ್ರಯೋಗಾಲಯ, ಅರೆಕಾಲಿಕ ಕೆಲಸ ಮತ್ತು ಇಂಟರ್ನ್‌ಶಿಪ್‌ಗಳು ಗೇಟಿನ ಆಚೆ ಇರುವಾಗ ಬೇಗ ಮುಚ್ಚುವ ಗೇಟಿನ ಬೆಲೆಯನ್ನು ವಿದ್ಯಾರ್ಥಿನಿಯೇ ತೆರುತ್ತಾಳೆ. ತಡವಾಗಿ ಬಂದವಳನ್ನು ಹೊರಗೆ ನಿಲ್ಲಿಸುವ ಕ್ರಮ ಸುರಕ್ಷತೆಯ ಉದ್ದೇಶಕ್ಕೇ ವಿರುದ್ಧವಾದುದರಿಂದ, ಒಳಗೆ ಬಿಟ್ಟುಕೊಂಡು ಮರುದಿನ ವಿವರಣೆ ಕೇಳುವುದು ವಿವೇಕದ ಪದ್ಧತಿ. ದುಡಿಯುವ ಮಹಿಳೆಯರಿಗಾಗಿ ಕೇಂದ್ರ ಸರ್ಕಾರ 1972–73ರಿಂದ ನಡೆಸುತ್ತಿರುವ ವಸತಿನಿಲಯ ಯೋಜನೆ ಇಂದು ‘ಸಖಿ ನಿವಾಸ’ ಎಂಬ ಹೆಸರಿನಲ್ಲಿದೆ.

ಬಿಕ್ಕಟ್ಟಿನ ಸಂದರ್ಭಗಳು

2012ರ ಆಗಸ್ಟ್ ಮಧ್ಯಭಾಗದಲ್ಲಿ, ಅಸ್ಸಾಂನ ಹಿಂಸಾಚಾರದ ಹಿನ್ನೆಲೆಯಲ್ಲಿ ಹಬ್ಬಿದ ವದಂತಿಗಳಿಂದ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ವಿದ್ಯಾರ್ಥಿಗಳು ಮತ್ತು ಕೆಲಸಗಾರರು ಕೆಲವೇ ದಿನಗಳಲ್ಲಿ ಬೆಂಗಳೂರು ತೊರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಅಂದಿನ ಗೃಹಸಚಿವ ಆರ್. ಅಶೋಕ ರೈಲು ನಿಲ್ದಾಣಕ್ಕೇ ಹೋಗಿ ಹೊರಟವರಿಗೆ ಧೈರ್ಯ ಹೇಳಿದರು. ಕೇಂದ್ರ ಸರ್ಕಾರ 15 ದಿನಗಳ ಕಾಲ ಸಾಮೂಹಿಕ ಎಸ್‌ಎಂಎಸ್‌ಗಳನ್ನು ನಿಷೇಧಿಸಿತು. ಸಚಿವರು ನಿಲ್ದಾಣಕ್ಕೆ ಬರುವ ಹೊತ್ತಿಗೆ ಜನ ಚೀಲ ಕಟ್ಟಿಕೊಂಡು ಹೊರಟಾಗಿತ್ತು. ಹೊರಡಬೇಕೆಂಬ ನಿರ್ಧಾರ ಆದದ್ದು ಹಿಂದಿನ ರಾತ್ರಿ ಕೋಣೆಗಳಲ್ಲಿ, ಊರಿನಿಂದ ಬಂದ ಕರೆಗಳ ನಡುವೆ. ವದಂತಿಯ ಎದುರು ನಂಬಿಕೆಯ ಮಾತು ಬೇಕಾಗುವುದು ಆ ಹೊತ್ತಿನಲ್ಲಿ, ಮತ್ತು ಅದನ್ನು ಆಡಬಲ್ಲವರು ಅದೇ ಕಟ್ಟಡದಲ್ಲಿ ಇರುವವರು.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಕಾಲೇಜುಗಳು ಮುಚ್ಚಿದಾಗ ಸ್ಥಿತಿ ತಿರುಗುಮುರುಗಾಯಿತು. ಹೊರಡಲು ಆಗದವರನ್ನು ನೋಡಿಕೊಳ್ಳುವುದೇ ಕೆಲಸವಾಯಿತು. ರಾಜ್ಯದ ಅನೇಕ ಸರ್ಕಾರಿ ವಿದ್ಯಾರ್ಥಿನಿಲಯಗಳನ್ನು ಕ್ವಾರಂಟೈನ್ ಕೇಂದ್ರಗಳಾಗಿ ಬಳಸಲಾಯಿತು.

ಅಮೆರಿಕದ ಪದ್ಧತಿಯೊಂದಿಗೆ ಹೋಲಿಕೆ

ಅಮೆರಿಕದ ಹಳೆಯ ಕಾಲೇಜುಗಳಲ್ಲಿ ಕಿರಿಯ ಅಧ್ಯಾಪಕರು ವಿದ್ಯಾರ್ಥಿಗಳೊಂದಿಗೇ ವಾಸವಿದ್ದು ಕಾವಲು ಕಾಯುತ್ತಿದ್ದರು. ಕಾಲೇಜು ಪೋಷಕರ ಸ್ಥಾನದಲ್ಲಿದೆ ಎಂಬ ಕಾನೂನು ಕಲ್ಪನೆಯನ್ನು 1961ರ ಡಿಕ್ಸನ್ ಪ್ರಕರಣದ ತೀರ್ಪು ಬಹಳಮಟ್ಟಿಗೆ ಸಡಿಲಿಸಿತು. ಆ ಬಳಿಕ ಮಹಡಿಯ ಉಸ್ತುವಾರಿ ಹೊತ್ತ ವಿದ್ಯಾರ್ಥಿ ಸಹಾಯಕನ ಕೆಲಸದಲ್ಲಿ ಕಾವಲಿಗಿಂತ ನೆರವಿಗೆ ಹೆಚ್ಚು ಒತ್ತು ಬಂತು. ಆತನಿಗೆ ಪ್ರತಿಫಲವಾಗಿ ಸಾಮಾನ್ಯವಾಗಿ ಉಚಿತ ಕೋಣೆ, ಹಲವೆಡೆ ಊಟ, ಕೆಲವೆಡೆ ಭತ್ಯೆ ಸಿಗುತ್ತದೆ. ವರ್ಷಾರಂಭಕ್ಕೆ ಮೊದಲು ತರಬೇತಿ ಇರುತ್ತದೆ. ಸರದಿಯ ರಾತ್ರಿಗಳಲ್ಲಿ ಮಹಡಿ ಸುತ್ತಿ ವರದಿ ಬರೆಯಬೇಕು. ಗೆಳೆಯನೂ ಅಧಿಕಾರಿಯೂ ಒಬ್ಬನೇ ಆಗಿರುವುದರ ಇಕ್ಕಟ್ಟು ಅಲ್ಲಿಯೂ ಇದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಆವರಣದ ಸಹಾಯಕರು 2002ರಲ್ಲಿ ಕಾರ್ಮಿಕ ಸಂಘ ರಚಿಸಿಕೊಳ್ಳಲು ಮತ ಹಾಕಿದರು. ಇದು ಕಲಿಕೆಯ ಭಾಗವೋ ದುಡಿಮೆಯೋ ಎಂಬ ಚರ್ಚೆಗೆ ಆ ಘಟನೆ ಕಾರಣವಾಯಿತು. ಕರ್ನಾಟಕದಲ್ಲಿ ಮೆಸ್ ಕಾರ್ಯದರ್ಶಿಯೋ ಮಹಡಿಯ ಪ್ರತಿನಿಧಿಯೋ ತನ್ನನ್ನು ನೌಕರನೆಂದು ಭಾವಿಸುವುದಿಲ್ಲ. ಸಂಸ್ಥೆಯೂ ಭಾವಿಸುವುದಿಲ್ಲ.

ಸಾಹಿತ್ಯ ಮತ್ತು ಚಲನಚಿತ್ರಗಳಲ್ಲಿ

ಕನ್ನಡದ ದಲಿತ ಆತ್ಮಕಥನಗಳಲ್ಲಿ ವಿದ್ಯಾರ್ಥಿನಿಲಯಕ್ಕೆ ವಿಶಿಷ್ಟ ಸ್ಥಾನವಿದೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನ ದಿನಗಳು ಬರುತ್ತವೆ. ಅಲ್ಲಿ ಹಸಿವು, ಓದು ಮತ್ತು ಹಾಸ್ಯ ಒಂದೇ ಸೂರಿನಡಿ ಇವೆ. ಚಲನಚಿತ್ರಗಳಲ್ಲಿ ನಿಲಯಪಾಲಕ ಬಹುತೇಕ ಹಾಸ್ಯದ ಅಥವಾ ಖಳನ ಪಾತ್ರ. ನಿತಿನ್ ಕೃಷ್ಣಮೂರ್ತಿ ನಿರ್ದೇಶಿಸಿ 2023ರ ಜುಲೈನಲ್ಲಿ ತೆರೆಕಂಡ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಚಿತ್ರದ ಕಥೆ, ವಾರ್ಡನ್ ಸತ್ತುಹೋಗಿ ಅದರ ಹೊಣೆ ತಮ್ಮ ಮೇಲೆ ಬರುವುದೆಂಬ ಭಯದಲ್ಲಿ ಹುಡುಗರು ಕಳೆಯುವ ಒಂದು ರಾತ್ರಿಯ ಸುತ್ತ ನಡೆಯುತ್ತದೆ.